ಪಾತ್ರ ಅದೇ, ಮುಖ ಬೇರೆ

ದೀಪಾವಳಿ ರಜೆಗೆಂದು ಬೆಂಗಳೂರಿನಿಂದ ಚಿಕ್ಕೋಡಿಗೆ ಬಂದಿದ್ದ ಮೊಮ್ಮಗಳು ಒಂದು ಮಧ್ಯಾಹ್ನ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದಳು: "ಅಜ್ಜಿ, ಜೇಮ್ಸ್ ಬಾಂಡ್ ಪಾತ್ರಕ್ಕೆ ಹೊಸಬರನ್ನ ಹಾಕಿದ್ರೆ ಸಿನಿಮಾ ಓಡುತ್ತಾ?"

ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳು ಕಾಮರ್ಸ್ ಓದುವ ಹುಡುಗಿ. ಕಾಲೇಜಿನಲ್ಲಿ ಇಂಥದೊಂದು ವಿಷಯದ ಮೇಲೆ ಐದು ನಿಮಿಷ ಮಾತನಾಡಬೇಕಿತ್ತಂತೆ. ಕೇಳಿದ್ದಕ್ಕೆ "ನನಗೆ ಗೊತ್ತಿಲ್ಲ" ಎಂದು ಒಪ್ಪಿಕೊಳ್ಳುವ ಅಜ್ಜಿಯರ ಸಾಲಿಗೆ ಸೇರಿದವಳಲ್ಲ ನಾನು. "ಓಡತೈತಿ. ಮನಿ ಹಳೇದಿದ್ರ ಮುಖ ಹೊಸಾದಿದ್ರೂ ಓಡತೈತಿ" ಎಂದುಬಿಟ್ಟೆ. ಅವಳು ಕಣ್ಣರಳಿಸಿ ನೋಡಿದಳು. "ಬಾಂಡ್‌ಗೆ ಮನೆ ಎಲ್ಲಿದೆ ಅಜ್ಜಿ?" ಎಂದಳು. ಆಗ ಅವಲಕ್ಕಿ ಕೊಟ್ಟು ಕಳಿಸಿದೆ. ಆದರೆ ಮಾತು ನನ್ನನ್ನು ಬಿಡಲಿಲ್ಲ. ಅವಳಿಗೆ ಹೇಳದೆ ಉಳಿಸಿದ್ದನ್ನು ಇಲ್ಲಿ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಸಿನಿಮಾ ಪಂಡಿತೆ ಅಲ್ಲ. ಟೂರಿಂಗ್ ಟಾಕೀಸಿನ ಹೆಂಗಸರ ಕಡೆಯಲ್ಲಿ ಜಮಖಾನೆ ಹಾಸಿಕೊಂಡು, ಮಡಿಲಲ್ಲಿ ಶೇಂಗಾ ಕಟ್ಟಿಕೊಂಡು ನೋಡಿದವಳು. ನಮ್ಮ ಗಡಿಯ ಊರುಗಳಲ್ಲಿ ಸಿನಿಮಾ ಅಂದರೆ ಮೂರು ಭಾಷೆಯ ಊಟ. ನಿಪ್ಪಾಣಿಯಲ್ಲಿರುವ ನನ್ನ ಅಕ್ಕನಿಗೆ ಕೊಲ್ಲಾಪುರ ಹತ್ತಿರ, ಕಾಗವಾಡದವರಿಗೆ ಮೀರಜ ಹತ್ತಿರ. ಮರಾಠಿ, ಹಿಂದಿ, ಕನ್ನಡ ಮೂರನ್ನೂ ನಾವು ಒಂದೇ ತಾಟಿನಲ್ಲಿ ಉಂಡವರು. ಹಾಗಾಗಿ ಒಂದೇ ಕಥೆಯನ್ನು ಬೇರೆ ಬೇರೆ ಮುಖಗಳಲ್ಲಿ ನೋಡುವುದು ನಮಗೆ ಹೊಸದಲ್ಲ. 1966ರಲ್ಲಿ ತೆಲುಗಿನ 'ಗೂಢಚಾರಿ 116'ರಲ್ಲಿ ಕೃಷ್ಣ ಗೂಢಚಾರನಾದರೆ, ಮರುವರ್ಷವೇ ಹಿಂದಿಯ 'ಫರ್ಜ್'ನಲ್ಲಿ ಅದೇ 116 ನಂಬರು ಜಿತೇಂದ್ರನಿಗೆ ಬಂತು. ನಮ್ಮ ರಾಜಕುಮಾರ್ ಅವರ 'ಕಸ್ತೂರಿ ನಿವಾಸ' ಹಿಂದಿಗೆ ಹೋದಾಗ ಸಂಜೀವ ಕುಮಾರ್ ಆ ಪಾತ್ರ ಮಾಡಿದರು. ಭಾಷೆ ಬದಲಾದಾಗ ಮುಖ ಬದಲಾದರೆ ನಾವು ಬೇಸರಿಸುವುದಿಲ್ಲ. ಅದು ಬೇರೆ ಮನೆ, ಬೇರೆ ಸಂಸಾರ. ಅದೇ ಭಾಷೆಯಲ್ಲಿ, ಅದೇ ಹೆಸರಿನಲ್ಲಿ, ನಿನ್ನೆ ಇದ್ದವನ ಜಾಗಕ್ಕೆ ಇವತ್ತು ಇನ್ನೊಬ್ಬ ಬಂದು ಕೂತರೆ ಮಾತ್ರ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ.

ಕನ್ನಡದಲ್ಲಿ ಗೂಢಚಾರ ಅಂದರೆ ಒಬ್ಬನೇ, ಸಿಐಡಿ 999. ದೊರೈ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ತೆಗೆದರು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಎರಡು ವರ್ಷದಲ್ಲಿ ಮೂರು ಚಿತ್ರ. ಓಡದ ಚಿತ್ರದ ಬೆನ್ನಿಗೆ ಯಾರೂ ಇನ್ನೊಂದನ್ನು ಕಟ್ಟುವುದಿಲ್ಲ ಎಂಬುದು ಲೆಕ್ಕ ಬಾರದ ನನಗೂ ತಿಳಿಯುತ್ತದೆ. ಆ ಮೇಲೆ ಒಂಬತ್ತು ವರ್ಷ ಸುಮ್ಮನಿದ್ದು, 1978ರಲ್ಲಿ ನಾಲ್ಕನೆಯದಾಗಿ 'ಆಪರೇಷನ್ ಡೈಮಂಡ್ ರ‍್ಯಾಕೆಟ್' ಬಂತು. ನಾಲ್ಕರಲ್ಲೂ ರಾಜಕುಮಾರ್. ಅಲ್ಲಿಗೆ 999 ಮುಗಿಯಿತು. ಆ ನಂಬರಿನ ಕೋಟನ್ನು ಅವರು ಇನ್ನೊಬ್ಬರ ಮೈಗೆ ತೊಡಿಸಲಿಲ್ಲ.

ನಾನು ಮೊದಲು ನೋಡಿದ್ದು ಗೋವಾದ ಚಿತ್ರ. ರಾಯಬಾಗ ನನ್ನ ತವರು. ಚಿಂಚಲಿ ಮಾಯಕ್ಕನ ಜಾತ್ರೆಗೆ ಬಂದ ಟೆಂಟಿನಲ್ಲಿ, 1969ರಲ್ಲಿ, ನನಗೆ ಹನ್ನೆರಡು ವರ್ಷ. ಕರೆದುಕೊಂಡು ಹೋದವರು ನಮ್ಮ ವೈನಿ, ಅಣ್ಣನ ಹೆಂಡತಿ. ಮನೆಯಲ್ಲಿ ಹೇಳಿದ್ದು ದೇವಿಗೆ ಕಾಯಿ ಒಡೆಸಿ ಬರುತ್ತೇವೆ ಎಂದು. ಕಾಯಿ ಒಡೆಸಿದ್ದೂ ನಿಜ, ಆ ಮೇಲೆ ಟೆಂಟಿಗೆ ನುಗ್ಗಿದ್ದೂ ನಿಜ. ಅಷ್ಟರವರೆಗೆ ನಾವು ಕಂಡ ರಾಜಕುಮಾರ್ ಅಂದರೆ ಬೇಡರ ಕಣ್ಣಪ್ಪ, ಕನಕದಾಸ, ರಣಧೀರ ಕಂಠೀರವ, ಸತ್ಯ ಹರಿಶ್ಚಂದ್ರ. ಅವರು ತೆರೆಯ ಮೇಲೆ ಬಂದರೆ ಮುದುಕಿಯರು ಕೈ ಮುಗಿಯುತ್ತಿದ್ದರು. ಅಂಥವರು ಸೂಟು ಬೂಟು ಹಾಕಿ, ಪಿಸ್ತೂಲು ಹಿಡಿದು, ಗೋವಾದಲ್ಲಿ ಕಳ್ಳರ ಬೆನ್ನು ಹತ್ತಿದ್ದು ನೋಡಿ ನಮ್ಮ ಪಕ್ಕದಲ್ಲಿ ಕೂತ ಅಜ್ಜಿ, "ಯವ್ವಾ, ಹರಿಶ್ಚಂದ್ರ ಸಾಹೇಬ ಆಗ್ಯಾನ!" ಎಂದಳು. ವೈನಿ ಸೆರಗು ಬಾಯಿಗೆ ಒತ್ತಿ ನಕ್ಕಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆ ಅಜ್ಜಿಯ ಮಾತಿನಲ್ಲೇ 999ರ ಗುಟ್ಟು ಇದೆ ಎಂದು ನನಗೆ ಈಗ ಅನ್ನಿಸುತ್ತದೆ. ರಾಜಕುಮಾರ್ ಅವರ ನೂರನೆಯ ಚಿತ್ರ 'ಭಾಗ್ಯದ ಬಾಗಿಲು' ಬಂದದ್ದೂ 1968ರಲ್ಲೇ. ಅಂದರೆ ನಾವು ಆ ಸೂಟಿನ ಒಳಗೆ ನೋಡಿದ್ದು ಒಬ್ಬ ಪತ್ತೇದಾರನನ್ನಲ್ಲ, ಹಿಂದಿನ ನೂರು ಪಾತ್ರಗಳನ್ನು. ಮಜಾ ಇದ್ದದ್ದು ಗುಂಡು ಹಾರಿಸುವುದರಲ್ಲಿ ಅಲ್ಲ, ಹಾರಿಸಿದವರು ಯಾರು ಎಂಬುದರಲ್ಲಿ. ನೀವೂ ಆ ಚಿತ್ರಗಳನ್ನು ನೋಡಿದ್ದರೆ ಒಮ್ಮೆ ನೆನಪು ಮಾಡಿಕೊಳ್ಳಿ. 999ಗೆ ಆಜ್ಞೆ ಕೊಡುವ ಮೇಲಧಿಕಾರಿ ಹೇಗಿದ್ದ? ಆಫೀಸು ಹೇಗಿತ್ತು? ನನಗಂತೂ ನೆನಪಿಗೆ ಬರುವುದು ಅವರೊಬ್ಬರೇ. 999 ಅನ್ನುವುದು ಅವರು ಸ್ವಲ್ಪ ಹೊತ್ತು ಹಾಕಿಕೊಂಡ ಕೋಟು. ಅವರು ತೆಗೆದಿಟ್ಟ ಮೇಲೆ ಅದು ಗೂಟದಲ್ಲಿ ನೇತಾಡುವ ಬಟ್ಟೆ ಮಾತ್ರ. ಅದಕ್ಕೇ ಆ ಪಾತ್ರ ಬೇರೆಯವರ ಪಾಲಿಗೆ ಹೋಗಲಿಲ್ಲ. ಹೋಗಿದ್ದರೆ ಓಡುತ್ತಲೂ ಇರಲಿಲ್ಲ. 2019ರಲ್ಲಿ 'ಬೆಲ್ ಬಾಟಂ' ಮಾಡಿದವರು ಜಾಣರು. ಹಳೆಯ ಪತ್ತೇದಾರಿ ಚಿತ್ರಗಳ ಘಮವನ್ನೆಲ್ಲ ತಂದರೂ ರಿಷಬ್ ಶೆಟ್ಟಿಗೆ 999 ನಂಬರು ಕೊಡಲಿಲ್ಲ, ದಿವಾಕರ ಎಂಬ ಬೇರೆಯೇ ಹೆಸರಿಟ್ಟರು. ಜನ ನೋಡಿ ಗೆಲ್ಲಿಸಿದರು.

ನಮ್ಮ ವೈನಿ 1970ರಲ್ಲಿ ತೀರಿಕೊಂಡರು. ಮೂರು ದಿನದ ಜ್ವರ ಅಷ್ಟೆ. ವರ್ಷ ತುಂಬಿದ ಮೇಲೆ ಹಿರಿಯರು ಅಣ್ಣನಿಗೆ ಇನ್ನೊಂದು ಮದುವೆ ಮಾಡಿದರು. ಹುಡುಗಿ ಕಾಗವಾಡದ ಕಡೆಯವರು. ಆಗ ಅಣ್ಣನಿಗೆ ಅಥಣಿಯಲ್ಲಿ ಮಾಸ್ತರಿಕೆ. ಹೊಸ ವೈನಿ ಬಂದ ದಿನ ನಮ್ಮ ಅವ್ವ ಹಿಂದಿನವರ ಟ್ರಂಕಿನ ಕೀಲಿಕೈಯನ್ನೇ ಅವರ ಕೈಗಿಟ್ಟಳು. ಒಳಗಿನ ಇಳಕಲ್ಲ ಸೀರೆಗಳನ್ನೂ ಉಡಿಸಿದಳು. ಪಾತ್ರ ಅದೇ, ವೇಷ ಅದೇ, ಮಾತು ಮಾತ್ರ ಬೇರೆ ಬಾಯಲ್ಲಿ.

ನಾವೆಲ್ಲ ಸೇರಿ ಅವರನ್ನು ಹೇಗೆ ನೋಡಿದೆವು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬದನೆಕಾಯಿ ಎಣ್ಣೆಗಾಯಿ ಮಾಡಿದರೆ "ಆಕೀ ಕೈ ರುಚಿನ ಬ್ಯಾರೆ ಇತ್ತು" ಎನ್ನುವರು. ರಂಗೋಲಿ ಹಾಕಿದರೆ "ಆಕಿ ಎಳಿ ಸಣ್ಣಗ ಎಳಿತಿದ್ಲು". ಪಾಪ, ಅವರು ಒಂದು ವರ್ಷ ಆ ಇನ್ನೊಬ್ಬಾಕೆ ಆಗಲು ಪ್ರಯತ್ನ ಮಾಡಿದರು. ಅವರ ಹಾಗೆ ನಿರಿಗೆ, ಅವರ ಹಾಗೆ ತುರುಬು. ನನಗಾಗ ಹದಿನಾಲ್ಕು ವರ್ಷ. ಮನೆಯಲ್ಲಿ ಬೀಗರು ಕೂತಿದ್ದಾಗ, "ಮೊದಲಿನ ವೈನಿ ಹಿಂಗ ಮಾಡತಿರಲಿಲ್ಲ" ಎಂದು ನಾನೇ ಎಲ್ಲರೆದುರು ಹೇಳಿದೆ. ಅವರು ಏನೂ ಅನ್ನಲಿಲ್ಲ. ಒಳಗೆ ಹೋಗಿ ಚಹಾ ಸೋಸಿಕೊಂಡು ಬಂದರು. ನನಗೆ ಕೊಟ್ಟ ಕಪ್ಪಿನಲ್ಲಿ ಒಂದು ಚಮಚ ಸಕ್ಕರೆ ಹೆಚ್ಚೇ ಇತ್ತು.

ಈಗ ಬಾಂಡ್‌ನ ಕಥೆಗೆ ಬರೋಣ. ಅಣ್ಣನಿಗೆ ಇಂಗ್ಲಿಷ್ ಸಿನಿಮಾದ ಹುಚ್ಚು. ಬೆಳಗಾವಿಗೆ ಹೋದಾಗಲೆಲ್ಲ ನೋಡಿ ಬಂದು ನಮಗೆ ಕಥೆ ಹೇಳುವನು. 1962ರಲ್ಲಿ 'ಡಾಕ್ಟರ್ ನೋ' ಇಂದ ಶಾನ್ ಕಾನರಿ ಬಾಂಡ್ ಆದರು. ಐದು ಚಿತ್ರ ಮಾಡಿ ಬೇಸತ್ತು ಬಿಟ್ಟರು. 1969ರಲ್ಲಿ ಆ ಜಾಗಕ್ಕೆ ಜಾರ್ಜ್ ಲೇಜನ್‌ಬಿ ಎಂಬ ಆಸ್ಟ್ರೇಲಿಯಾದ ಹುಡುಗ ಬಂದ. ಹಿಂದೆ ನಟನೆ ಮಾಡಿದವನಲ್ಲ, ಜಾಹೀರಾತುಗಳಿಗೆ ನಿಲ್ಲುತ್ತಿದ್ದವನು. ಕಾನರಿಯ ದರ್ಜಿಯ ಹತ್ತಿರವೇ ಸೂಟು ಹೊಲಿಸಿಕೊಂಡು, ಅವರ ಹಾಗೆ ಕೂದಲು ಕತ್ತರಿಸಿಕೊಂಡು ಆ ಪಾತ್ರ ಕೇಳಲು ಹೋಗಿದ್ದನಂತೆ. ಚಿತ್ರ ಹಾಳಾಗಲಿಲ್ಲ, ಆದರೆ ಹಿಂದಿನದಕ್ಕಿಂತ ಕಡಿಮೆ ದುಡ್ಡು ತಂದಿತು. ಅವನು ಒಂದಕ್ಕೇ ಬಿಟ್ಟುಹೋದ. 1971ರಲ್ಲಿ ಹನ್ನೆರಡೂವರೆ ಲಕ್ಷ ಡಾಲರ್ ಕೊಟ್ಟು ಕಾನರಿಯನ್ನೇ ತಿರುಗಿ ಕರೆದರು. ಹಣ ಮತ್ತೆ ಬಂತು. ಇಷ್ಟಕ್ಕೆ ನಿಲ್ಲಿಸಿದರೆ ನಮ್ಮ ಬೀಗರ ಮಾತೇ ಸರಿ, ಮೊದಲಿನಾವನ ಹಾಗೆ ಯಾರೂ ಇಲ್ಲ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1973ರಲ್ಲಿ 'ಲಿವ್ ಆ್ಯಂಡ್ ಲೆಟ್ ಡೈ'ನಲ್ಲಿ ರೋಜರ್ ಮೂರ್ ಬಂದರು. ಅದು ಬೆಳಗಾವಿಗೆ ಬಂದಾಗ ಅಣ್ಣ ನಮ್ಮಿಬ್ಬರನ್ನೂ ಕರೆದೊಯ್ದ. ನನಗೆ ಅರ್ಧ ತಿಳಿಯಿತು, ವೈನಿಗೆ ಭಾಷೆ ಒಂದಕ್ಷರವೂ ತಿಳಿಯಲಿಲ್ಲ. ಅಣ್ಣ ಮಾತ್ರ ಉದ್ದಕ್ಕೂ, "ಮೊದಲಿನಾವ ಇದ್ದಿದ್ರ ನೋಡಬೇಕಿತ್ತು, ಅಂವನ ನಡಿಗಿನ ಬ್ಯಾರೆ" ಎನ್ನುತ್ತಲೇ ಇದ್ದ. ಹೊರಗೆ ಬಂದು ಗಾಡಿಯಂಗಡಿಯ ಮುಂದೆ ಭಜಿ ತಿನ್ನುವಾಗ ವೈನಿ ನಿಧಾನವಾಗಿ ಅಂದರು: "ಮೊದಲಿನಾವ ಹೆಂಗಿದ್ನೋ ನಾ ಕಂಡಿಲ್ರಿ. ಇಂವಾ ನಕ್ಕೋತ ಹೊಡೀತಾನ. ಇಂವಗ ತಂದ ಅಂತ ಒಂದು ಸ್ವಭಾವ ಐತಿ. ಮೊದಲಿನಾವನ ಹಂಗ ಮಾಡಾಕ ಹೋಗಿಲ್ಲ, ಅದಕ್ಕ ಚಲೋ ಕಾಣತಾನ."

ಅಣ್ಣ ಭಜಿ ಕೈಯಲ್ಲಿ ಹಿಡಿದುಕೊಂಡೇ ನಿಂತ. ನಾನು ನೆಲ ನೋಡಿದೆ.

ಆಮೇಲೆ ಓದಿ, ನೋಡಿ ನಾನು ತಿಳಿದದ್ದೂ ಇದನ್ನೇ. ಹೊಸಬ ಸೋಲುವುದು ಹಳಬನ ನೆರಳನ್ನು ತುಳಿಯುತ್ತ ನಡೆದಾಗ. ಮೂರ್ ಕಾನರಿಯ ಬಿಗಿಯನ್ನು ಬಿಟ್ಟು ತಮಾಷೆಯನ್ನು ಹಿಡಿದರು, 1985ರವರೆಗೆ ಏಳು ಚಿತ್ರ ನಡೆಸಿದರು. ತಿಮತಿ ಡಾಲ್ಟನ್ ಎರಡು ಮಾಡಿದರು. 1989ರ ಅವರ ಎರಡನೆಯ ಚಿತ್ರ ಸುಮಾರು 15 ಕೋಟಿ 60 ಲಕ್ಷ ಡಾಲರಿಗೆ ನಿಂತಿತು. ಕೋರ್ಟು ಕಚೇರಿಯ ತಂಟೆಯಿಂದ ಆರು ವರ್ಷ ಚಿತ್ರವೇ ಬರಲಿಲ್ಲ. 1995ರಲ್ಲಿ ಪಿಯರ್ಸ್ ಬ್ರಾಸ್ನನ್ ಬಂದಾಗ 'ಗೋಲ್ಡನ್ ಐ' 35 ಕೋಟಿ ಡಾಲರ್ ದಾಟಿತು. 2005ರಲ್ಲಿ ಡೇನಿಯಲ್ ಕ್ರೇಗ್ ಹೆಸರು ಬಂದಾಗ ಅವರ ಕೂದಲು ಹೊಂಬಣ್ಣದ್ದೆಂದು ಜನ ಕೂಗೆಬ್ಬಿಸಿದ್ದರು. ಅವರ ಮೊದಲ ಚಿತ್ರವೇ ಸುಮಾರು 60 ಕೋಟಿ ತಂದಿತು, 2012ರ 'ಸ್ಕೈಫಾಲ್' 110 ಕೋಟಿ ಡಾಲರ್ ದಾಟಿತು. ಹಣದ ಬೆಲೆ ಕಾಲಕಾಲಕ್ಕೆ ಇಳಿದದ್ದನ್ನು ಲೆಕ್ಕ ಹಿಡಿದರೂ, ಇದು ಸತ್ತು ಹೋಗುತ್ತಿದ್ದ ಸಂಸಾರದ ಲೆಕ್ಕವಲ್ಲ. ಇನ್ನೊಂದು ಮಾತು. ಅಂದು ಕಡಿಮೆ ತಂದ ಲೇಜನ್‌ಬಿಯ ಚಿತ್ರವನ್ನೇ ಈಗ ಬಾಂಡ್ ಚಿತ್ರಗಳಲ್ಲಿ ಒಳ್ಳೆಯದೆಂದು ಎಷ್ಟೋ ಮಂದಿ ಮೆಚ್ಚುತ್ತಾರೆ. ಗಲ್ಲಾಪೆಟ್ಟಿಗೆಯ ತೀರ್ಪೇ ಕೊನೆಯ ತೀರ್ಪಲ್ಲ.

ಹಾಗಾದರೆ 999 ಯಾಕೆ ಉಳಿಯಲಿಲ್ಲ, 007 ಯಾಕೆ ಉಳಿಯಿತು? ಇಲ್ಲಿಯೇ ನನ್ನ ಮನೆಯ ಮಾತು ಬರುವುದು.

ಬಾಂಡ್‌ನ ಚಿತ್ರಗಳಲ್ಲಿ ಅವನ ಸುತ್ತ ಒಂದು ಮನೆ ಇದೆ. ಕೆಲಸ ಹೇಳುವ ಹಿರಿಯ, 'ಎಮ್'. ಆ ಪಾತ್ರವನ್ನು ಬರ್ನಾರ್ಡ್ ಲೀ 1962ರಿಂದ 1979ರವರೆಗೆ ಮಾಡಿದರು. ಕಚೇರಿಯ ಮನಿಪೆನಿ, ಅವಳನ್ನು ಲೊಯಿಸ್ ಮ್ಯಾಕ್ಸ್‌ವೆಲ್ ಹದಿನಾಲ್ಕು ಚಿತ್ರಗಳಲ್ಲಿ, 1985ರವರೆಗೆ ಮಾಡಿದರು. ಹೊಸ ಹೊಸ ಯಂತ್ರ ಕೊಟ್ಟು, "ಜೋಕೆ, ಮುರಿಯಬೇಡ" ಎಂದು ಗೊಣಗುವ ಮುದುಕ 'ಕ್ಯೂ'. ಆ ಡೆಸ್ಮಂಡ್ ಲೆವೆಲಿನ್ 1963ರಿಂದ 1999ರವರೆಗೆ ಹದಿನೇಳು ಚಿತ್ರಗಳಲ್ಲಿ ಐದು ಜನ ಬಾಂಡ್‌ರಿಗೆ ಹೀಗೆ ಗೊಣಗಿದರು. ಐದು ಅಳಿಯಂದಿರನ್ನು ಕಂಡ ಮಾವನ ಹಾಗೆ! ಮೇಲೆ ಆ ಸಂಗೀತ ಒಂದು. ಹೊಸಬ ಒಳಗೆ ಬಂದಾಗ ಹೊಸ್ತಿಲು ಅದೇ, ಗೋಡೆಯ ಗಡಿಯಾರ ಅದೇ, ಗೊಣಗುವ ಹಿರಿಯರೂ ಅವರೇ. ಅವರು ಹೊಸಬನನ್ನು "ಬಾಂಡ್" ಎಂದು ಕರೆದ ಕೂಡಲೇ ನಾವೂ ಒಪ್ಪಿದೆವು. ನೆನಪು ಮಾಡಿಕೊಳ್ಳಿ, ನಿಮ್ಮ ಅತ್ತೆ ನಾಲ್ಕು ಜನರ ಮುಂದೆ ನಿಮ್ಮನ್ನು ಮೊದಲ ಸಲ "ನಮ್ಮ ಸೊಸಿ" ಎಂದದ್ದು ಯಾವಾಗ? ಅಂದಿನಿಂದಲೇ ಅಲ್ಲವೆ ಓಣಿಯವರೂ ಹಾಗೆ ಕರೆದದ್ದು?

ಇದು ಬರೀ ನನ್ನ ಅಡಿಗೆಮನೆಯ ತರ್ಕ ಎನ್ನುವವರಿಗೆ 1983ನೆಯ ವರ್ಷವನ್ನು ತೋರಿಸುತ್ತೇನೆ. ಆ ವರ್ಷ ಎರಡು ಬಾಂಡ್ ಚಿತ್ರ ಬಂದವು. ಒಂದರಲ್ಲಿ ಮೂಲ ಮುಖ ಕಾನರಿ, ಆದರೆ ಬೇರೆ ನಿರ್ಮಾಪಕರು, ಬೇರೆ 'ಎಮ್', ಬೇರೆ ಸಂಗೀತ. ಇನ್ನೊಂದರಲ್ಲಿ ಆಮೇಲೆ ಬಂದ ಮುಖ ಮೂರ್, ಆದರೆ ಹಳೆಯ ಮನೆ. ಅದೇ 'ಆಕ್ಟೋಪಸಿ', ನಮ್ಮ ಉದಯಪುರದಲ್ಲಿ ತೆಗೆದದ್ದು, ಕಬೀರ್ ಬೇಡಿ, ವಿಜಯ ಅಮೃತರಾಜ್ ಇದ್ದದ್ದು. ಹಳೆಯ ಮುಖದ ಚಿತ್ರ ಸುಮಾರು 16 ಕೋಟಿ ಡಾಲರ್ ತಂದಿತು. ಹಳೆಯ ಮನೆಯ ಚಿತ್ರ 18 ಕೋಟಿಗೂ ಹೆಚ್ಚು. ಜನ ಹಳಬನನ್ನು ಮರೆತಿರಲಿಲ್ಲ, ಆದರೆ ಕೂತು ಉಣ್ಣಲು ಹೋದದ್ದು ಪರಿಚಯದ ಮನೆಗೆ.

ಗೂಢಚಾರರ ತನಕ ಹೋಗುವುದೇಕೆ? 2000ದಿಂದ 2008ರವರೆಗೆ ನಡೆದ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಧಾರಾವಾಹಿ ನೆನಪಿರಬಹುದು. ನಿಪ್ಪಾಣಿಯ ನನ್ನ ಅಕ್ಕ ಅದಕ್ಕಾಗಿ ರಾತ್ರಿ ಊಟದ ಹೊತ್ತನ್ನೇ ಹಿಂದೆ ಮುಂದೆ ಮಾಡಿದಾಕೆ. ಅದರಲ್ಲಿ ಗಂಡ ಮಿಹಿರನ ಪಾತ್ರಕ್ಕೆ ಅಮರ್ ಉಪಾಧ್ಯಾಯ, ಇಂದರ್ ಕುಮಾರ್, ರೋನಿತ್ ರಾಯ್ ಎಂದು ಮೂರು ಮುಖ ಬಂದವು. ಅಕ್ಕ ಒಂದು ವಾರ ಬೈದಳು, ಎರಡನೆಯ ವಾರ ಒಗ್ಗಿಕೊಂಡಳು. ಅದೇ ತುಳಸಿಯಾಗಿದ್ದ ಸ್ಮೃತಿ ಇರಾನಿ 2007ರಲ್ಲಿ ಬಿಟ್ಟಾಗ, "ಇನ್ನ ಈ ಮನಿಯಾಗ ಏನೂ ಉಳಿದಿಲ್ಲ ಬಿಡವ್ವಾ" ಎಂದು ಟೀವಿ ಆರಿಸಿಬಿಟ್ಟಳು. ಗಂಡನ ಮುಖ ಬದಲಾದದ್ದಕ್ಕೆ ಅಲ್ಲ, ಮನೆಯೊಡತಿಯ ಮುಖ ಬದಲಾದದ್ದಕ್ಕೆ.

ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತದವರು ಈ ವಿದ್ಯೆಯನ್ನು ಎಂದೋ ಕಲಿತಿದ್ದರು. ಕುಲಗೋಡ ತಮ್ಮಣ್ಣ ಬೆಳೆಸಿದ ಆ ಆಟದಲ್ಲಿ ಎಷ್ಟು ಜನ ಕೃಷ್ಣರು, ಎಷ್ಟು ಜನ ಸತ್ಯಭಾಮೆಯರು ಬಂದುಹೋದರು! ಕೌಜಲಗಿ ನಿಂಗಮ್ಮನಂಥ ದೊಡ್ಡ ಕಲಾವಿದೆ ಹೋದ ಮೇಲೂ ಆಟ ನಿಲ್ಲಲಿಲ್ಲ. ಅಲ್ಲಿ ಪಾತ್ರ ಆಟದ ಆಸ್ತಿ, ಆಡುವವರದಲ್ಲ. ಪದ, ತಾಳ, ದೂತಿಯ ಹಾಸ್ಯ ಇವೆಲ್ಲ ಗಟ್ಟಿಯಾಗಿ ನಿಂತಿರುವಾಗ ಹೊಸ ಭಾಮೆ ಬಂದರೆ ಜನ "ಈಕಿ ಹೆಂಗ ಹಾಡತಾಳ ನೋಡೂಣು" ಎಂದು ಮುಂದೆ ಸರಿದು ಕೂರುತ್ತಾರೆ. ಬಾಂಡ್ ಚಿತ್ರ ನಮ್ಮ ಪಾರಿಜಾತದ ಜಾತಿಯದು. 999 ಹಾಗಲ್ಲ, ಅದು ಒಬ್ಬರೇ ಕೂತು ಹಾಡಿದ ಕಛೇರಿ. ಎರಡರಲ್ಲಿ ಯಾವುದು ಹೆಚ್ಚು ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಅಷ್ಟೆ.

ದೊರೈ-ಭಗವಾನರಿಗೂ ಇದು ಗೊತ್ತಿತ್ತು ಎಂದು ನನ್ನ ಅನುಮಾನ. ಪಿಸ್ತೂಲಿನ ಮೂರು ಚಿತ್ರ ಆದ ಮೇಲೆ ಅವರು ತೆಗೆದದ್ದು 'ಕಸ್ತೂರಿ ನಿವಾಸ', ಆಮೇಲೆ ವಾಣಿಯವರ ಕಾದಂಬರಿಯ 'ಎರಡು ಕನಸು'. ಮೊದಲ ದಿನ ಸೀಟಿ ಹೊಡೆಯುವ ಹುಡುಗರು ಬರುತ್ತಾರೆ, ನಿಜ. ಆದರೆ ಮೂರನೆಯ ವಾರ ಮ್ಯಾಟಿನಿಗೆ ಬರುವವರು ನಾವು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು ತಮ್ಮ ದುಡಿಮೆಯ ದುಡ್ಡಿನಲ್ಲಿ ಟಿಕೀಟು ತೆಗೆಸಿ, ಮೆಚ್ಚಿದ ಚಿತ್ರವನ್ನು ಅತ್ತೆಯೊಡನೆ ಒಮ್ಮೆ, ಗೆಳತಿಯೊಡನೆ ಒಮ್ಮೆ ನೋಡುತ್ತಿದ್ದರು. ಚಿತ್ರ ನಿಲ್ಲುವುದೋ ಹಾರಿ ಹೋಗುವುದೋ ಎಂದು ತೀರ್ಮಾನ ಮಾಡುತ್ತಿದ್ದದ್ದು ಆ ಹೆಂಗಸರ ಕಡೆಯ ಬೆಂಚುಗಳು.

1978ರ ನಾಲ್ಕನೆಯ 999 ಚಿತ್ರವನ್ನು ನಾನು ನೋಡಿದ್ದು ಹೊಸ ವೈನಿಯೊಡನೆ. ಆಗ ನಾನು ಮದುವೆಯಾಗಿ ಚಿಕ್ಕೋಡಿಗೆ ಬಂದಿದ್ದೆ. ಅವರಾಗಲೇ ನಮ್ಮ ಮನೆಯ ಎಣ್ಣೆಗಾಯಿ ಬಿಟ್ಟು ತಮ್ಮ ತವರಿನ ಗುರೆಳ್ಳ ಹಿಂಡಿ ಮಾಡತೊಡಗಿದ್ದರು. ಅಣ್ಣ ಅದಿಲ್ಲದೆ ರೊಟ್ಟಿ ಮುಟ್ಟುತ್ತಿರಲಿಲ್ಲ. ತೆರೆಯ ಮೇಲೆ ರಾಜಕುಮಾರ್ ಇಂಗ್ಲಿಷಿನಲ್ಲಿ ಹಾಡಿದಾಗ ಟಾಕೀಜಿಗೆ ಟಾಕೀಜೇ ಎದ್ದು ಕುಣಿಯಿತು. ವೈನಿ ಹಿಂದಿನ ಮೂರನ್ನು ನೋಡಿರಲಿಲ್ಲ. ದಾರಿಯಲ್ಲಿ ನಾನು ವಿವರಿಸಿದೆ: ಮೊದಲನೆಯದರಲ್ಲಿ ಜಯಂತಿ, ಗೋವಾದ್ದರಲ್ಲಿ ಲಕ್ಷ್ಮಿ, ಮೂರನೆಯದರಲ್ಲಿ ರೇಖಾ, ಈಗ ಪದ್ಮಪ್ರಿಯ.

ವೈನಿ ನಡೆಯುವುದನ್ನು ನಿಲ್ಲಿಸಿದರು. "ನಾಕರಾಗೂ ಗಂಡು ಅಂವಾನ, ಹೆಣ್ಣು ನಾಕು ಮಂದಿ. ಅಲ್ಲ ತಂಗಿ, 'ಹೆಣ್ಣು ಬದಲಾತು, ಈಗ ಪಿಕ್ಚರ್ ಓಡತೈತೋ ಇಲ್ಲೋ' ಅಂತ ಯಾರರ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಷ್ಟು ವರ್ಷ ಸಿನಿಮಾ ನೋಡಿದವಳಿಗೆ ಹೊಳೆಯದೇ ಇದ್ದದ್ದು ಅವರಿಗೆ ಒಂದೇ ಮಾತಿಗೆ ಹೊಳೆಯಿತು. ಬಾಂಡ್‌ನಲ್ಲೂ ಅದೇ ಕಥೆ. ಅರವತ್ತು ವರ್ಷದಲ್ಲಿ ಆ ಮನೆತನದ ಇಪ್ಪತ್ತೈದು ಚಿತ್ರಕ್ಕೆ ಆರು ಗಂಡು ಮುಖ. ಆರು ಸಲವೂ ಜಗತ್ತೆಲ್ಲ ಚರ್ಚೆ. ನಾಯಕಿ ಮಾತ್ರ ಹೆಚ್ಚುಕಡಿಮೆ ಪ್ರತಿ ಸಲ ಹೊಸಬಳು. ಅದು ಸುದ್ದಿಯೇ ಅಲ್ಲ, ಅದು ರೂಢಿ. ಗಂಡಿನ ಜಾಗಕ್ಕೆ ಇನ್ನೊಬ್ಬ ಬಂದರೆ ದೊಡ್ಡ ಪ್ರಶ್ನೆ, ಹೆಣ್ಣಿನ ಜಾಗಕ್ಕೆ ಇನ್ನೊಬ್ಬಳು ಬಂದರೆ ಟ್ರಂಕಿನ ಕೀಲಿಕೈ. ಅಂದು ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಬೆಳಗಾದ ಮೇಲೆ ಬೀಗರ ಮುಂದೆ ಆಡಿದ ಆ ಹಳೆಯ ಮಾತಿಗೆ ಕ್ಷಮೆ ಕೇಳಿದೆ. "ಹದಿನಾಕು ವರ್ಷದ ಹುಡುಗಿ ಮಾತ ಯಾರ ನೆನಪಿಟ್ಟಾರ?" ಎಂದರು. ಹದಿನಾಲ್ಕು ಎಂದು ಅವರಿಗೆ ಕರಾರುವಾಕ್ಕಾಗಿ ನೆನಪಿತ್ತು.

ಬಾಂಡ್ ಚಿತ್ರಗಳ ಒಂದು ದೃಶ್ಯ ನನಗೆ ಬಹಳ ಹಿಡಿಸಿದೆ. ಲೇಜನ್‌ಬಿಯ ಚಿತ್ರದಲ್ಲಿ ಬಾಂಡ್ ಮದುವೆಯಾಗುತ್ತಾನೆ, ಹೆಂಡತಿ ಟ್ರೇಸಿ ಅಂದೇ ಗುಂಡಿಗೆ ಬಲಿಯಾಗುತ್ತಾಳೆ. ಹನ್ನೆರಡು ವರ್ಷದ ಮೇಲೆ, 1981ರ ಚಿತ್ರದ ಮೊದಲಿಗೇ, ರೋಜರ್ ಮೂರ್ ಹೂ ಹಿಡಿದು ಅವಳ ಸಮಾಧಿಯ ಮುಂದೆ ನಿಲ್ಲುತ್ತಾರೆ. ಮದುವೆಯಾದವನು ಒಬ್ಬ, ಹೂ ಇಡುವವನು ಇನ್ನೊಬ್ಬ. ಆದರೂ ನಮಗೆ ಸುಳ್ಳೆನಿಸುವುದಿಲ್ಲ. ಹೊಸಬ ಹಳಬನ ದುಃಖವನ್ನೂ ತನ್ನದೆಂದು ಹೊತ್ತುಕೊಂಡ, ಅದಕ್ಕೇ ಆ ಜಾಗ ಅವನದಾಯಿತು. ನಮ್ಮ ಅಥಣಿಯ ಮನೆಯಲ್ಲಿ ಮೊದಲಿನ ವೈನಿಯ ಫೋಟೋ ಇದೆ. ಪ್ರತಿ ಶುಕ್ರವಾರ ಅದಕ್ಕೆ ಹೂ ಏರಿಸುವವರು ಈ ವೈನಿಯೇ. ಅಣ್ಣ ಹೋದ ಮೇಲೂ ಅದು ತಪ್ಪಿಲ್ಲ.

ಇನ್ನು ಮೊಮ್ಮಗಳ ಪ್ರಶ್ನೆ. 2021ರ ಚಿತ್ರದಲ್ಲಿ ಕ್ರೇಗ್‌ನ ಬಾಂಡ್ ಸತ್ತೇ ಹೋದ. ಮುಂದೆ ಯಾರು ಎಂಬುದನ್ನೇ ಜಗತ್ತೆಲ್ಲ ಮಾತನಾಡಿತು. ನನಗೆ ಮುಖ್ಯ ಎನಿಸಿದ್ದು ಬೇರೆ ಸುದ್ದಿ. ಆ ಚಿತ್ರಗಳನ್ನು 1962ರಿಂದ ನಡೆಸಿದ್ದು ಬ್ರಾಕಲಿ ಮನೆತನ. ಅಪ್ಪನ ಕೈಯಿಂದ ಮಗಳು ಬಾರ್ಬರಾ ಬ್ರಾಕಲಿಗೆ, ಅವರ ಮಲ ಅಣ್ಣ ಮೈಕೆಲ್ ವಿಲ್ಸನ್‌ಗೆ 1995ರ ಹೊತ್ತಿಗೆ ಬಂತು. ಹೊಂಬಣ್ಣದ ಕೂದಲಿನ ಕ್ರೇಗ್‌ನನ್ನು ಎಲ್ಲರ ವಿರೋಧ ಕಟ್ಟಿಕೊಂಡು ಆರಿಸಿದ್ದು ಆ ಹೆಣ್ಣುಮಗಳು. 1995ರಲ್ಲಿ 'ಎಮ್' ಆಗಿ ಜೂಡಿ ಡೆಂಚ್ ಎಂಬ ಹಿರಿಯ ನಟಿ ಬಂದರು. ಬ್ರಾಸ್ನನ್ ಹೋಗಿ ಕ್ರೇಗ್ ಬಂದಾಗ ಮಿಕ್ಕದ್ದೆಲ್ಲ ಹೊಸದಾದರೂ ಡೆಂಚ್ ಅಲ್ಲಿಯೇ ಉಳಿದರು, ಹೊಸಬನನ್ನು ಗದರಿಸಿದರು. ಅತ್ತೆ ಗದರಿಸಿದಳೆಂದರೆ ಸೊಸೆ ಒಳಗಿನವಳಾದಳು ಎಂದೇ ಲೆಕ್ಕ. ಆ ಬಾರ್ಬರಾ 2025ರ ಫೆಬ್ರವರಿಯಲ್ಲಿ ಚಿತ್ರದ ಬಗ್ಗೆ ತೀರ್ಮಾನ ಮಾಡುವ ಅಧಿಕಾರವನ್ನು ಅಮೆಜಾನ್ ಎಂಬ ದೊಡ್ಡ ಕಂಪನಿಗೆ ಬಿಟ್ಟುಕೊಟ್ಟರು.

ಹೀಗಾಗಿ ನನ್ನ ಉತ್ತರವನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಮುಖ ಬದಲಾದದ್ದರಿಂದ ಬಾಂಡ್ ಸೋಲುವುದಿಲ್ಲ. ಅದನ್ನು ಐದು ಸಲ ದಾಟಿ ಬಂದಿದ್ದಾರೆ. ಈ ಸಲ ಬದಲಾದದ್ದು ಅಡಿಗೆಮನೆಯ ಕೀಲಿಕೈ. ಕಂಪನಿಯ ಹತ್ತಿರ ಹಣವಿದೆ, ಅವಸರವೂ ಇರುತ್ತದೆ. ಯಾವ ಹಿರಿಯನನ್ನು ಉಳಿಸಬೇಕು, ಎಷ್ಟು ವರ್ಷ ಕಾಯಬೇಕು, ಜನ ಬೇಡವೆಂದ ಹುಡುಗನ ಬೆನ್ನಿಗೆ ಯಾವಾಗ ನಿಲ್ಲಬೇಕು, ಇದು ಹಣದಿಂದ ಬರುವ ತಿಳಿವಳಿಕೆ ಅಲ್ಲ. ಅದನ್ನು ಕಲಿತುಕೊಂಡರೆ ಓಡುತ್ತದೆ. ಕಲಿಯದಿದ್ದರೆ ಕಾನರಿಯನ್ನೇ ಎಬ್ಬಿಸಿಕೊಂಡು ಬಂದರೂ ಓಡುವುದಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳುವ ಮೊದಲೇ ಅವಳ ರಜೆ ಮುಗಿಯುತ್ತ ಬಂತು. ಹೋಗುವ ಮುನ್ನ ಅಥಣಿಗೆ ವೈನಿಯನ್ನು ನೋಡಲು ಕರೆದೊಯ್ದೆ. ಅವರ ಸೊಸೆ ಅಂದು ಮೊದಲ ಬಾರಿ ತಾನೇ ಗುರೆಳ್ಳ ಹಿಂಡಿ ಕುಟ್ಟಿದ್ದಳು. ಬೆಳ್ಳುಳ್ಳಿ ತುಸು ಜಾಸ್ತಿಯಾಗಿತ್ತು. ರೊಟ್ಟಿಯ ತುದಿಗೆ ಹಚ್ಚಿಕೊಂಡ ನಾನು, ಹಳೆಯ ಚಾಳಿ ನೋಡಿ, "ವೈನಿ, ನಿಮ್ಮ ಕೈದು..." ಎಂದು ಬಾಯಿ ತೆರೆದಿದ್ದೆ.

ವೈನಿ ನನ್ನ ತಾಟಿಗೆ ಇನ್ನೊಂದು ಚಮಚ ಹಾಕಿದರು. "ಇದು ಆಕೀ ಕೈದು. ತಿನ್ನ ತಂಗಿ" ಎಂದರು.

ತಿಂದೆ. ಎರಡನೆಯ ತುತ್ತಿಗೆ ರುಚಿ ಹತ್ತಿತು.